ಮಿನಿ ಸ್ಟ್ರೋಕ್ ಆದಮೇಲೆ ಕಾಡುವ ಭಯ, ಸುಸ್ತು, ಮರೆವು: ಮನೆಯಲ್ಲಿ ಮಾಡಬೇಕಾದ್ದು, ಡಾಕ್ಟರ ಬಳಿ ಕೇಳಬೇಕಾದ್ದು

ಮಿನಿ ಸ್ಟ್ರೋಕ್ (ಲಕ್ವದ ಲಕ್ಷಣಗಳು ಬಂದು ಸ್ವಲ್ಪ ಹೊತ್ತಿಗೆ ಹೋಗುವುದು) ಆದವರಿಗೆ ಆಸ್ಪತ್ರೆಯವರು ಕೊಡುವ ಚೀಟಿಯಲ್ಲಿ ಮಾತ್ರೆಗಳ ಹೆಸರು, ತೆಗೆದುಕೊಳ್ಳುವ ಹೊತ್ತು, ಮುಂದಿನ ಭೇಟಿಯ ದಿನಾಂಕ ಇರುತ್ತವೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಬಲಗೈ ಆಡುತ್ತಿದೆಯೇ ಎಂದು ಕತ್ತಲಲ್ಲೇ ಮುಷ್ಟಿ ಬಿಗಿದು ಬಿಚ್ಚಿ ನೋಡಿಕೊಳ್ಳುವವರು ಏನು ಮಾಡಬೇಕೆಂಬುದು ಅದರಲ್ಲಿ ಇರುವುದಿಲ್ಲ. ಕೈಕಾಲು ನೆಟ್ಟಗಿದೆ, ಮಾತು ಸರಿಯಿದೆ, ಸ್ಕ್ಯಾನ್ ‘ನಾರ್ಮಲ್’ ಬಂದಿದೆ. ನೋಡುವವರ ಪಾಲಿಗೆ ಏನೂ ಆಗಿಲ್ಲ. ಒಳಗೆ ಮಾತ್ರ ಭಯ, ತೀರದ ಸುಸ್ತು, ಮರೆವು, ಸಣ್ಣ ಮಾತಿಗೂ ಕಣ್ಣೀರು ಇಲ್ಲವೇ ಸಿಡುಕು.

ಇದು ಹೇಡಿತನವಲ್ಲ, ಕೆಲಸ ತಪ್ಪಿಸಿಕೊಳ್ಳುವ ನೆಪವೂ ಅಲ್ಲ. ಮಿನಿ ಸ್ಟ್ರೋಕ್ ಆದ 108 ಜನರನ್ನು ಜರ್ಮನಿಯಲ್ಲಿ ವಿಚಾರಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜನರಿಗೆ, ದೊಡ್ಡ ಅಪಘಾತ ಕಂಡು ಬದುಕಿದವರಲ್ಲಿ ಕಾಣುವಂಥ ಆಘಾತದ ಲಕ್ಷಣಗಳಿದ್ದವು: ಆ ಘಳಿಗೆ ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು, ಅದು ನಡೆದ ಜಾಗಕ್ಕೆ ಹೋಗಲು ಹೆದರುವುದು, ಸದಾ ಮೈಯೆಲ್ಲ ಕಿವಿಯಾಗಿ ಕೂರುವುದು. ಹಾಗಾಗಿ ‘ನನಗೊಬ್ಬನಿಗೇ ಹೀಗೆ’ ಎಂಬ ಯೋಚನೆಯನ್ನು ಮೊದಲು ಬಿಡಬೇಕು.

ದೇಹದ ಕಡೆಯಿಂದಲೂ ಒಂದು ಕಾರಣವಿದೆ. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಸಣ್ಣ ಹೆಪ್ಪು ಸಿಕ್ಕಿಕೊಂಡು, ತಾನಾಗಿ ಕರಗಿ, ರಕ್ತ ಮತ್ತೆ ಹರಿದರೆ ಅದು ಮಿನಿ ಸ್ಟ್ರೋಕ್. ಹೆಚ್ಚಿನವರಲ್ಲಿ ಒಂದು ಗಂಟೆಯೊಳಗೆ ಲಕ್ಷಣಗಳು ಮಾಯ. ಆದರೂ ಸೂಕ್ಷ್ಮವಾದ ಎಂಆರ್‌ಐ ಮಾಡಿದಾಗ ಸುಮಾರು ಮೂರರಲ್ಲಿ ಒಬ್ಬರ ಮಿದುಳಿನಲ್ಲಿ ಚಿಕ್ಕ ಗಾಯದ ಗುರುತು ಕಾಣುತ್ತದೆ. ಸಿ.ಟಿ. ಸ್ಕ್ಯಾನ್ ಅಷ್ಟು ಸಣ್ಣದನ್ನು ತೋರಿಸುವುದಿಲ್ಲ. ‘ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ, ಮತ್ಯಾಕೆ ಸುಸ್ತು’ ಎಂದು ಮನೆಯವರು ಕೇಳಿದರೆ ಕೊಡಬಹುದಾದ ಉತ್ತರ ಇದು.

ಮೊದಲ ಕೆಲಸ: ಗೋಡೆಗೆ ಒಂದು ಹಾಳೆ

ಮನಸ್ಸಿನ ಚಿಕಿತ್ಸೆ ಶುರುವಾಗುವುದು ತುರ್ತು ಯೋಜನೆಯಿಂದ. ‘ಮತ್ತೆ ಬಂದರೆ ಏನು ಮಾಡೋದು’ ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವ ತನಕ ಯಾವ ಧೈರ್ಯದ ಮಾತೂ ಒಳಗೆ ಇಳಿಯುವುದಿಲ್ಲ. ಮನೆಗೆ ಬಂದ ದಿನವೇ ಮನೆಯವರೆಲ್ಲ ಕೂತು, ದಪ್ಪ ಅಕ್ಷರದಲ್ಲಿ ಒಂದೇ ಹಾಳೆ ಬರೆದು ಅಡುಗೆಮನೆ ಬಾಗಿಲ ಪಕ್ಕ ಅಂಟಿಸಿ.

ಮೇಲುಗಡೆ ಲಕ್ಷಣಗಳು ಬರಲಿ: ಇದ್ದಕ್ಕಿದ್ದಂತೆ ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಹೇಳಿದ್ದು ಅರ್ಥವಾಗದಿರುವುದು, ಒಂದು ಕಣ್ಣು ಅಥವಾ ನೋಟದ ಅರ್ಧ ಭಾಗ ಮಂಕಾಗುವುದು, ನಿಂತಲ್ಲೇ ತೂಕ ತಪ್ಪುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬಾರದು.

ಅದರ ಕೆಳಗೆ: 108. ಗಾಡಿ ಇರುವ ನೆರೆಯವರ ನಂಬರು ಎರಡು. ಹಗಲು ರಾತ್ರಿ ಸಿ.ಟಿ. ಸ್ಕ್ಯಾನ್ ನಡೆಯುವ ಹತ್ತಿರದ ಆಸ್ಪತ್ರೆಯ ಹೆಸರು. ಇದನ್ನು ಊಹಿಸಿ ಬರೆಯಬೇಡಿ, ಮೊದಲೇ ಫೋನ್ ಮಾಡಿ ಕೇಳಿಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಕಾಶ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆ. ಸ್ಕ್ಯಾನ್ ಇಲ್ಲದ ನರ್ಸಿಂಗ್ ಹೋಮಿನಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತರೆ ಆ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಸಕಲೇಶಪುರ, ಆಲೂರು, ಬೇಲೂರಿನವರಿಗೆ ಹಾಸನ, ಮೂಡಿಗೆರೆಯವರಿಗೆ ಚಿಕ್ಕಮಗಳೂರು ಸಹಜವಾದ ದಾರಿ. ಶೃಂಗೇರಿ, ಕೊಪ್ಪದ ಕಡೆಯವರು ಶಿವಮೊಗ್ಗ, ಮಣಿಪಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಘಾಟಿ ರಸ್ತೆ ಮುಚ್ಚಿದರೆ ಯಾವ ಕಡೆ ಹೋಗುವುದು ಎಂಬುದನ್ನೂ ಬರೆದಿಡಿ. ತೋಟದೊಳಗಿನ ಮನೆಯಾಗಿದ್ದು ಸಿಗ್ನಲ್ ಸಿಗದಿದ್ದರೆ, ಎಲ್ಲಿ ನಿಂತರೆ ಫೋನ್ ಹತ್ತುತ್ತದೆ ಎಂಬುದು ಮನೆಯ ಚಿಕ್ಕ ಹುಡುಗನಿಗೂ ಗೊತ್ತಿರಲಿ.

ಕೊನೆಗೆ ಮಾಡಬಾರದ್ದು. ಆ ಹೊತ್ತಿನಲ್ಲಿ ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯಬಹುದು. ‘ಆಸ್ಪಿರಿನ್ ಒಂದು ಕೊಡೋಣ’ ಎನ್ನುವುದು ಬೇಡ. ರಕ್ತಸ್ರಾವದಿಂದ ಆದ ಸ್ಟ್ರೋಕ್ ಆಗಿದ್ದರೆ ಅದು ಹಾನಿ, ಯಾವುದು ಎಂದು ಸ್ಕ್ಯಾನ್ ಆದಮೇಲೆಯೇ ಗೊತ್ತಾಗುವುದು. ಕೊನೆಯ ಬಾರಿ ಸರಿಯಾಗಿದ್ದನ್ನು ನೋಡಿದ್ದು ಎಷ್ಟು ಗಂಟೆಗೆ ಎಂದು ಗುರುತಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೊಂದು.

ಅಪಾಯದ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಿ

ಮೊದಲ ಎರಡು ದಿನ, ಆಮೇಲೆ ಮೊದಲ ಮೂರು ತಿಂಗಳು ಹೆಚ್ಚು ಎಚ್ಚರ ಬೇಕು ಎನ್ನುವುದು ನಿಜ. ಚಿಕಿತ್ಸೆ ತಡವಾಗುತ್ತಿದ್ದ ಕಾಲದಲ್ಲಿ ಮಿನಿ ಸ್ಟ್ರೋಕ್ ಆದ ಮೂರು ತಿಂಗಳೊಳಗೆ ನೂರರಲ್ಲಿ ಸುಮಾರು ಹತ್ತು ಜನರಿಗೆ ಪೂರ್ತಿ ಸ್ಟ್ರೋಕ್ ಆಗುತ್ತಿತ್ತು. ಮೊಬೈಲಿನಲ್ಲಿ ಹುಡುಕಿದವರ ಕಣ್ಣಿಗೆ ಬೀಳುವುದು ಈ ಹಳೆಯ ಅಂಕಿ. ತಕ್ಷಣ ಪರೀಕ್ಷಿಸಿ ಅಂದೇ ಚಿಕಿತ್ಸೆ ಶುರುಮಾಡಿದರೆ ಏನಾಗುತ್ತದೆ ಎಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನೋಡಿದಾಗ (ಫಲಿತಾಂಶ ಬಂದದ್ದು 2007ರಲ್ಲಿ) ಅದು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. 2016ರಲ್ಲಿ ಪ್ರಕಟವಾದ, 21 ದೇಶಗಳ ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಮೊದಲ ಒಂದು ವರ್ಷದಲ್ಲಿ ಸ್ಟ್ರೋಕ್ ಆದದ್ದು ನೂರರಲ್ಲಿ ಐವರಿಗೆ. ಅವರೆಲ್ಲ ಬೇಗ ಚಿಕಿತ್ಸೆ ಸಿಕ್ಕವರು. ಅಂದರೆ ಈ ವ್ಯತ್ಯಾಸ ತಂದದ್ದು ಮಾತ್ರೆ, ಬಿಪಿ ಹತೋಟಿ, ಬೀಡಿ ಸಿಗರೇಟು ಬಿಟ್ಟದ್ದು, ಬೇಕಾದವರಿಗೆ ಕುತ್ತಿಗೆಯ ರಕ್ತನಾಳಕ್ಕೋ ಹೃದಯದ ಬಡಿತಕ್ಕೋ ಮಾಡಿದ ಚಿಕಿತ್ಸೆ.

ಮಾತ್ರೆಯ ವಿಷಯದಲ್ಲಿ ಎರಡು ಕಡೆ ಎಡವುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡನ್ನೂ ಒಟ್ಟಿಗೆ ಬರೆದಿದ್ದರೆ ಅದು ಬಹುಮಟ್ಟಿಗೆ ಮೊದಲ 21 ದಿನಕ್ಕೆ, ಕೆಲವರಿಗೆ 90 ದಿನದವರೆಗೆ. ಆಮೇಲೆ ಒಂದೇ ಮಾತ್ರೆ ಮುಂದುವರಿಯುತ್ತದೆ. ಕೆಲವರು ಎರಡನ್ನೂ ವರ್ಷಗಟ್ಟಲೆ ನುಂಗುತ್ತಾರೆ, ಕೆಲವರು ಚೀಟಿ ಮುಗಿಯಿತೆಂದು ಎರಡನ್ನೂ ನಿಲ್ಲಿಸುತ್ತಾರೆ. ಎರಡೂ ತಪ್ಪು. ಯಾವುದು ಎಂದು ನಿಲ್ಲುತ್ತದೆ, ಯಾವುದು ನಿಲ್ಲುವುದೇ ಇಲ್ಲ ಎಂದು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಲಕ್ವಕ್ಕೆಂದು ನಾಟಿ ಔಷಧಿ, ಎಣ್ಣೆ ತಿಕ್ಕಿಸುವುದು ನಮ್ಮ ಕಡೆ ನಡೆದೇ ಇದೆ. ಹರಕೆ ಕಟ್ಟಿ, ದೇವಸ್ಥಾನಕ್ಕೆ ಹೋಗಿ, ಮನಸ್ಸಿಗೆ ಸಮಾಧಾನ ಸಿಗಲಿ. ಆದರೆ ನಾಟಿ ಔಷಧಿ ಕುಡಿಯಲೆಂದು ಆಸ್ಪತ್ರೆಯ ಮಾತ್ರೆ ಬಿಡುವುದು ಜೀವಕ್ಕೇ ಅಪಾಯ.

ಇದು ಭಯವೋ, ಮತ್ತೊಂದು ಅಟ್ಯಾಕೋ?

ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದೇ. ಕೈ ಮೇಲೆ ಒರಗಿ ಮಲಗಿದ್ದರಿಂದ ಬಂದ ಜೋಮೂ ಈಗ ಸ್ಟ್ರೋಕಿನಂತೆ ಕಾಣುತ್ತದೆ. ಕೆಲವು ಗುರುತುಗಳಿವೆ.

ಸ್ಟ್ರೋಕ್ ಬರುವುದು ಸ್ವಿಚ್ ಆರಿಸಿದ ಹಾಗೆ. ಇದ್ದ ಶಕ್ತಿ ಥಟ್ಟನೆ ಇಲ್ಲವಾಗುತ್ತದೆ, ಸಾಮಾನ್ಯವಾಗಿ ದೇಹದ ಒಂದೇ ಬದಿಯಲ್ಲಿ. ಭಯದ ಅಲೆ ಏರುತ್ತ ಬರುತ್ತದೆ. ಎದೆ ಡವಡವ, ಉಸಿರು ಸಾಲದು ಎನಿಸುವುದು, ಬೆವರು, ಎರಡೂ ಕೈಬೆರಳುಗಳಲ್ಲಿ ಮತ್ತು ತುಟಿಯ ಸುತ್ತ ಚುಮುಚುಮು, ‘ಸತ್ತೇ ಹೋಗ್ತೀನಿ’ ಎಂಬ ಗಾಬರಿ. ಹತ್ತು ನಿಮಿಷದ ಹೊತ್ತಿಗೆ ತುದಿ ಮುಟ್ಟಿ ನಿಧಾನ ಇಳಿಯುತ್ತದೆ. ಚುಮುಚುಮು ಬರುವುದು ವೇಗವಾಗಿ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದರಿಂದ.

ಹೀಗೆ ಪರೀಕ್ಷಿಸಿ. ಒಮ್ಮೆ ಮಾತ್ರ. ಕನ್ನಡಿಯ ಮುಂದೆ ಹಲ್ಲು ಬಿಟ್ಟು ನಗಿ: ಎರಡೂ ಬದಿ ಸಮವಾಗಿದೆಯೇ? ಕಣ್ಣು ಮುಚ್ಚಿ, ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದೆ ಚಾಚಿ ಹತ್ತು ಎಣಿಸಿ: ಒಂದು ಕೈ ಕೆಳಗಿಳಿಯಿತೇ? ನಿಮ್ಮ ಹೆಸರು, ಊರು, ಇವತ್ತಿನ ವಾರ ಗಟ್ಟಿಯಾಗಿ ಹೇಳಿ: ಮಾತು ಸ್ಪಷ್ಟವೇ? ಒಂದೊಂದೇ ಕಣ್ಣು ಮುಚ್ಚಿ ನೋಡಿ, ನಾಲ್ಕು ಹೆಜ್ಜೆ ನಡೆದು ನೋಡಿ. ಎಲ್ಲವೂ ಸರಿಯಿದ್ದು, ಬಂದಿರುವುದು ನೀವು ಈಗಾಗಲೇ ಗುರುತಿಸಿರುವ ಅದೇ ಭಯದ ಅಲೆಯಾಗಿದ್ದರೆ ಮುಂದೆ ಹೇಳುವ ಉಸಿರಾಟಕ್ಕೆ ಹೋಗಿ. ಒಂದರಲ್ಲಾದರೂ ವ್ಯತ್ಯಾಸ ಕಂಡರೆ, ಎದೆನೋವಿದ್ದರೆ, ಅಥವಾ ನಿರ್ಧಾರ ಮಾಡಲಾಗದಿದ್ದರೆ 108. ಶುಗರ್ ಇರುವವರು ಗಾಡಿ ಬರುವಷ್ಟರಲ್ಲಿ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ. ಸಕ್ಕರೆ ತೀರ ಇಳಿದರೂ ಸ್ಟ್ರೋಕಿನಂತೆಯೇ ಕಾಣುತ್ತದೆ.

ಸುಮ್ಮನೆ ಹೆದರಿ ಹೋದೆವು ಎಂದು ನಾಚಿಕೊಳ್ಳಬೇಕಿಲ್ಲ. ಹತ್ತು ಸಲ ಹೋಗಿ ಏನೂ ಇಲ್ಲವೆಂದು ವಾಪಸ್ ಬಂದರೂ ನಷ್ಟವಿಲ್ಲ. ಲಕ್ಷಣ ಬಂದು ಐದು ನಿಮಿಷಕ್ಕೆ ಹೋಯಿತೆಂದು ಮನೆಯಲ್ಲೇ ಉಳಿಯುವುದು ಸಲ್ಲದು. ಹಾಗೆ ಬಂದು ಹೋಗುವುದೇ ಇನ್ನೊಂದು ಮಿನಿ ಸ್ಟ್ರೋಕ್.

ಭಯದ ಅಲೆ ಎಂದು ಖಚಿತವಾದರೆ: ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತು ಪಾದ ನೆಲಕ್ಕೆ ಊರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಐದು ನಿಮಿಷ. ಹೊರಗೆ ಬಿಡುವ ಉಸಿರು ಉದ್ದವಾಗಿರುವುದೇ ಮುಖ್ಯ. ದೊಡ್ಡದಾಗಿ ಎಳೆದುಕೊಂಡರೆ ಚುಮುಚುಮು ಹೆಚ್ಚುತ್ತದೆ. ಉಸಿರು ಬಿಗಿಹಿಡಿಯುವ ಪ್ರಾಣಾಯಾಮ, ಜೋರಾದ ಕಪಾಲಭಾತಿ ಬಿಪಿ ಇರುವವರಿಗೆ ಈಗ ಬೇಡ. ಈ ಅಭ್ಯಾಸವನ್ನು ಭಯವಿಲ್ಲದ ಹೊತ್ತಿನಲ್ಲಿ ದಿನಕ್ಕೆರಡು ಬಾರಿ ಮಾಡಿಟ್ಟುಕೊಂಡರೆ ಮಾತ್ರ ಬೇಕಾದಾಗ ಕೈಗೆ ಸಿಗುತ್ತದೆ.

ಬಿಪಿ ಮಿಷನ್ ಕಪಾಟಿಗೆ

ಭಯ ಇಳಿಯದಿರಲು ದೊಡ್ಡ ಕಾರಣ ಪದೇ ಪದೇ ನೋಡಿಕೊಳ್ಳುವುದು. ದಿನಕ್ಕೆ ಹದಿನೈದು ಸಲ ಬಿಪಿ ನೋಡಿದರೆ ಒಂದಾದರೂ ಹೆಚ್ಚು ಬರುತ್ತದೆ, ಅದನ್ನು ನೋಡಿ ಗಾಬರಿ, ಗಾಬರಿಗೆ ಬಿಪಿ ಇನ್ನೂ ಮೇಲೆ. ಡಾಕ್ಟರ್ ಬೇರೆ ಹೇಳದಿದ್ದರೆ ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ, ಅಷ್ಟೇ. ನೋಡುವ ಮುನ್ನ ಅರ್ಧ ಗಂಟೆ ಕಾಫಿ, ಬೀಡಿ ಇಲ್ಲ. ಮೂತ್ರ ಮಾಡಿ ಬಂದು, ಬೆನ್ನಿಗೆ ಆನಿಕೆ ಕೊಟ್ಟು, ಕಾಲು ಕತ್ತರಿ ಹಾಕದೆ ಐದು ನಿಮಿಷ ಮೌನವಾಗಿ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಮಿಷನ್ ಒಳಗಿಡಿ. 180/120 ದಾಟಿದ್ದು ಬೇರೆ ಲಕ್ಷಣವಿಲ್ಲದಿದ್ದರೆ ಐದು ನಿಮಿಷ ಕೂತು ಮತ್ತೊಮ್ಮೆ ನೋಡಿ, ಇಳಿಯದಿದ್ದರೆ ಕೂಡಲೇ ಡಾಕ್ಟರಿಗೆ ಫೋನ್. ಲಕ್ಷಣವಿದ್ದರೆ 108.

ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳುವುದು, ‘ನನ್ನ ಮಾತು ಸರಿ ಇದೆಯಾ’ ಎಂದು ಮನೆಯವರನ್ನು ಕೇಳುವುದಕ್ಕೂ ಇದೇ ಅಳತೆ. ದಿನಕ್ಕೆ ಎಷ್ಟು ಸಲ ಆಗುತ್ತಿದೆ ಎಂದು ಎರಡು ದಿನ ಗೀಟು ಹಾಕಿ ಎಣಿಸಿ, ಆಮೇಲೆ ವಾರಕ್ಕೊಮ್ಮೆ ಅರ್ಧ ಅರ್ಧ ಇಳಿಸುತ್ತ ಬನ್ನಿ. ಕಾಫಿ ಬೆಳೆಯುವ ಸೀಮೆಯಲ್ಲಿ ಈ ಮಾತು ಕಷ್ಟವೇ, ಆದರೂ ಹೇಳಬೇಕು: ಎದೆ ಡವಡವ ಎನ್ನುವವರು ದಿನಕ್ಕೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ, ಮಧ್ಯಾಹ್ನ ಮೂರರ ಮೇಲೆ ಬೇಡ. ಒಂದೇ ದಿನ ಪೂರ್ತಿ ಬಿಟ್ಟರೆ ತಲೆನೋವು ಬಂದು ಅದೇ ಹೊಸ ಭಯವಾಗುತ್ತದೆ, ನಿಧಾನವಾಗಿ ಇಳಿಸಿ.

ಬಿಟ್ಟ ಕೆಲಸಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಾಪಸ್ ಪಡೆಯುವುದು

ಅಟ್ಯಾಕ್ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಆಗಿದ್ದರೆ ಅಲ್ಲಿಗೆ ಒಬ್ಬರೇ ಹೋಗಲು ಭಯ, ಬಸ್ಸಿನಲ್ಲಿ ಆಗಿದ್ದರೆ ಬಸ್ಸಿನ ಭಯ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ, ಯಾಕೆಂದರೆ ಅಲ್ಲಿ ಏನೂ ಆಗುವುದಿಲ್ಲ ಎಂದು ಕಲಿಯಲು ಮನಸ್ಸಿಗೆ ಅವಕಾಶವೇ ಸಿಗುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲ ತುದಿಯಲ್ಲಿರುತ್ತದೆ, ಕೂಗಿದರೆ ಕೇಳಿಸದು, ಆದ್ದರಿಂದ ಅದನ್ನೇ ಉದಾಹರಣೆಯಾಗಿ ನೋಡೋಣ.

ಮೊದಲ ಮೆಟ್ಟಿಲು: ಬಾಗಿಲು ಸರಿಸಿ, ಚಿಲಕ ಹಾಕದೆ ಸ್ನಾನ, ಮನೆಯವರೊಬ್ಬರು ಹೊರಗೆ ಮಾತಾಡುತ್ತ ನಿಲ್ಲುವುದು. ಎರಡನೆಯದು: ಅವರು ಅಲ್ಲೇ ಇದ್ದರೂ ಮಾತಿಲ್ಲ. ಮೂರನೆಯದು: ಅವರು ಅಡುಗೆಮನೆಯಲ್ಲಿ. ನಾಲ್ಕನೆಯದು: ಸ್ನಾನ ಮುಗಿಯುವ ತನಕ ಯಾರೂ ವಿಚಾರಿಸುವುದಿಲ್ಲ. ಚಿಲಕ ಮಾತ್ರ ಕೊನೆಯವರೆಗೂ ಬೇಡ, ಅದು ಭಯಕ್ಕಲ್ಲ, ಸುರಕ್ಷತೆಗೆ. ಪ್ರತಿ ಸಲವೂ ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ. ಎಂಟು ಇದ್ದದ್ದು ನಾಲ್ಕಕ್ಕೆ ಇಳಿದು, ಮೂರು ದಿನ ಹಾಗೇ ನಿಂತ ಮೇಲೆ ಮುಂದಿನ ಮೆಟ್ಟಿಲು. ಭಯ ತುದಿಯಲ್ಲಿದ್ದಾಗಲೇ ಓಡಿಬಂದರೆ ಮನಸ್ಸು ತಪ್ಪು ಪಾಠ ಕಲಿಯುತ್ತದೆ, ಇಳಿಯುವ ತನಕ ಅಲ್ಲೇ ಇರಬೇಕು. ನೀರು ತೀರ ಬಿಸಿಯಾಗಿರುವುದು ಬೇಡ, ಹಂಡೆಯ ಸುಡು ನೀರಿಗೆ ಬಿಪಿ ಇಳಿದು ತಲೆ ಸುತ್ತುತ್ತದೆ, ಅದನ್ನೇ ಸ್ಟ್ರೋಕ್ ಎಂದುಕೊಳ್ಳುತ್ತಾರೆ.

ಸಂತೆಗೆ ಹೋಗುವುದು, ಬಸ್ ಹತ್ತುವುದು, ಮದುವೆಮನೆ ಊಟ, ಎಲ್ಲಕ್ಕೂ ಹೀಗೇ ನಾಲ್ಕೈದು ಮೆಟ್ಟಿಲು ಮಾಡಿಕೊಳ್ಳಬಹುದು. ಆದರೆ ಈ ಕ್ರಮ ಕೂಡದ ಕೆಲವು ಕೆಲಸಗಳಿವೆ: ಮೆಣಸು ಕೊಯ್ಯಲು ಸಿಲ್ವರ್ ಮರಕ್ಕೆ ಏಣಿ ಹಾಕುವುದು, ಅಡಿಕೆ ಮರ ಹತ್ತುವುದು, ಕಳೆ ಕೊಚ್ಚುವ ಮಿಷನ್, ಮರ ಕೊಯ್ಯುವ ಗರಗಸ, ಕೆರೆಯಲ್ಲಿ ಒಬ್ಬರೇ ಇಳಿಯುವುದು. ಇವಕ್ಕೆ ಡಾಕ್ಟರ ಅನುಮತಿ ಬೇಕು. ಗಾಡಿ ಓಡಿಸುವುದಕ್ಕೂ ಅಷ್ಟೇ. ಬ್ರಿಟನ್ನಿನಲ್ಲಿ ಮಿನಿ ಸ್ಟ್ರೋಕ್ ಆದವರು ಒಂದು ತಿಂಗಳು ಕಾರು ಓಡಿಸುವಂತಿಲ್ಲ. ಚಾರ್ಮಾಡಿ, ಶಿರಾಡಿಯಂಥ ಘಾಟಿ ದಾರಿಯಲ್ಲಿ ಓಡಾಡುವವರು ಇನ್ನೂ ಹೆಚ್ಚು ಎಚ್ಚರವಿಟ್ಟರೆ ತಪ್ಪೇನಿಲ್ಲ.

‘ದಿನಾ ಬೆಳಗಿನ ಜಾವ ವಾಕಿಂಗ್ ಮಾಡಿ’ ಎಂಬ ಸಲಹೆ ಎಲ್ಲರಿಗೂ ಸಿಗುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಆನೆ ಓಡಾಡುವ ಜಾಗಗಳಲ್ಲಿ ಇದನ್ನು ಹಾಗೇ ಪಾಲಿಸಬಾರದು. ಬಿಸಿಲೇರಿದ ಮೇಲೆ, ಜನ ಓಡಾಡುವ ರಸ್ತೆಯಲ್ಲಿ ಅಥವಾ ಕಣದಲ್ಲೇ ಸುತ್ತು ಹಾಕಿ. ಹತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ ಐದು ನಿಮಿಷ ಏರಿಸುತ್ತ ಅರ್ಧ ಗಂಟೆಗೆ ತನ್ನಿ. ನಡಿಗೆ ಬಿಪಿಗೂ ಆಯಿತು, ಮನಸ್ಸಿಗೂ ಆಯಿತು. ಖಿನ್ನತೆಗೆ ಖರ್ಚಿಲ್ಲದ ಔಷಧಿ ಇಷ್ಟು ಒಳ್ಳೆಯದು ಬೇರೊಂದಿಲ್ಲ.

ಸುಸ್ತು ಮತ್ತು ಮರೆವು

ಈ ಸುಸ್ತು ನಿದ್ದೆ ಮಾಡಿದರೂ ಹೋಗುವುದಿಲ್ಲ. ಒಳ್ಳೆಯ ದಿನ ಸಿಕ್ಕಿತೆಂದು ಬಾಕಿ ಕೆಲಸವನ್ನೆಲ್ಲ ಮುಗಿಸುವುದು, ಮಾರನೆಯ ಎರಡು ದಿನ ಹಾಸಿಗೆ ಹಿಡಿಯುವುದು, ಬಹಳ ಜನ ಸಿಕ್ಕಿಬೀಳುವುದು ಇಲ್ಲಿ. ಕೆಟ್ಟ ದಿನದಲ್ಲೂ ಮಾಡಬಲ್ಲ ಕೆಲಸ ಎಷ್ಟೋ ಅಷ್ಟನ್ನೇ ಒಳ್ಳೆಯ ದಿನವೂ ಮಾಡಿ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿಶ್ರಾಂತಿ. ವಿಶ್ರಾಂತಿ ಎಂದರೆ ಮೊಬೈಲು, ಟಿ.ವಿ. ಇಲ್ಲದ ವಿಶ್ರಾಂತಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಅಲಾರಂ ಇಟ್ಟು.

ಸುಸ್ತನ್ನೆಲ್ಲ ಮನಸ್ಸಿನ ತಲೆಗೆ ಕಟ್ಟಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್, ಸೋಡಿಯಂ ಪರೀಕ್ಷೆ ಆಗಿದೆಯೇ ನೋಡಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಮೈ ಭಾರ ಮಾಡುತ್ತವೆ, ಕೊಲೆಸ್ಟ್ರಾಲ್ ಮಾತ್ರೆಯಿಂದ ಕೆಲವರಿಗೆ ಮಾಂಸಖಂಡ ನೋಯುತ್ತದೆ. ಬದಲಿ ಇದೆ, ಕೇಳಿ, ನೀವೇ ನಿಲ್ಲಿಸಬೇಡಿ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಂತಂತಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ ಅದನ್ನು ಖಂಡಿತ ಡಾಕ್ಟರಿಗೆ ತಿಳಿಸಿ. ನಿದ್ದೆಯಲ್ಲಿ ಉಸಿರುಗಟ್ಟುವ ಆ ತೊಂದರೆ ಹಗಲಿನ ಸುಸ್ತಿಗೂ ಕಾರಣ, ಸ್ಟ್ರೋಕಿಗೂ ದಾರಿ.

ಮರೆವಿನಲ್ಲಿ ಹೆಚ್ಚಾಗಿ ಕೆಟ್ಟಿರುವುದು ಗಮನ ಮತ್ತು ವೇಗ. ಶನಿವಾರ ಬಟವಾಡೆ ಲೆಕ್ಕ ಹಾಕುವಾಗ ಆಳುಗಳ ಹೆಸರೆಲ್ಲ ನೆನಪಿದೆ, ಆದರೆ ನಡುವೆ ಯಾರೋ ಮಾತಾಡಿಸಿದರೆ ಮೊತ್ತ ತಪ್ಪುತ್ತದೆ, ಮತ್ತೆ ಮೊದಲಿಂದ ಶುರು. ಇಂಥ ಕೆಲಸವನ್ನು ಬೆಳಿಗ್ಗೆ, ಬಾಗಿಲು ಹಾಕಿಕೊಂಡು, ಒಂದು ಹೊತ್ತಿಗೆ ಒಂದೇ ಎಂದು ಮಾಡಿ. ಮೊದಲ ತಿಂಗಳು ಲೆಕ್ಕವನ್ನು ಇನ್ನೊಬ್ಬರು ಒಮ್ಮೆ ನೋಡಲಿ. ಬೀಗದ ಕೈ, ಕನ್ನಡಕ, ಮಾತ್ರೆ ಡಬ್ಬಿಗೆ ಒಂದೇ ಜಾಗ. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ತಂದುಕೊಂಡರೆ ‘ತಗೊಂಡ್ನೋ ಇಲ್ವೋ’ ಎಂಬ ಗೊಂದಲವೇ ಇರುವುದಿಲ್ಲ. ಮೂರು ತಿಂಗಳಾದರೂ ಸುಧಾರಿಸದಿದ್ದರೆ, ಗೊತ್ತಿದ್ದ ದಾರಿ ತಪ್ಪಿದರೆ, ನೆನಪಿನ ಪರೀಕ್ಷೆ ಮಾಡಿಸಬೇಕು.

ಮನೆಯವರಿಗೆ

ಎರಡು ಮಾತು ಎಲ್ಲ ಮನೆಯಲ್ಲೂ ಬರುತ್ತವೆ. ಒಂದು, ‘ಏನೂ ಆಗಿಲ್ಲ ಬಿಡಿ ಅಪ್ಪಾಜಿ, ಸುಮ್ನೆ ತಲೆ ಕೆಡಿಸ್ಕೋಬೇಡಿ.’ ಇನ್ನೊಂದು, ‘ನೀವು ಏನೂ ಮುಟ್ಟಬೇಡಿ, ಕೂತ್ಕೊಳ್ಳಿ.’ ಮೊದಲನೆಯದಕ್ಕೆ ಅವರು ಹೇಳುವುದನ್ನೇ ನಿಲ್ಲಿಸುತ್ತಾರೆ. ಎರಡನೆಯದಕ್ಕೆ, ತಾನಿನ್ನು ಕೆಲಸಕ್ಕೆ ಬಾರದವನು ಎಂದು ನಂಬುತ್ತಾರೆ. ಬದಲಿಗೆ ಹೀಗೆ ಹೇಳಿ ನೋಡಿ: ‘ಹೆದರಿಕೆ ಆಗೋದು ಸಹಜ ಅಪ್ಪಾಜಿ. ಹಾಳೆ ಗೋಡೆ ಮೇಲಿದೆ, ನಾನಿದ್ದೀನಿ. ಈಗ ಕಣಕ್ಕೆ ಹೋಗಿ ಕಾಫಿ ಒಣಗಿದ್ಯಾ ನೋಡ್ಕೊಂಡು ಬನ್ನಿ.’ ಭಯವನ್ನು ಒಪ್ಪಿಕೊಂಡು, ಕೈಗೊಂದು ಕೆಲಸ ಕೊಡುವುದು. ತೋಟದ ನಿರ್ಧಾರ, ಮನೆಯ ಹಣಕಾಸನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಹೆಂಗಸರ ವಿಷಯದಲ್ಲಿ ತಪ್ಪು ಬೇರೆ ಥರ: ‘ಹುಷಾರಾದ್ರಲ್ಲ’ ಎಂದು ಮಾರನೆಯ ದಿನವೇ ಹತ್ತು ಜನರ ಅಡುಗೆಗೆ ಬಿಡುತ್ತಾರೆ. ಅವರಿಗೂ ಅದೇ ಇಪ್ಪತ್ತು ನಿಮಿಷ, ಹತ್ತು ನಿಮಿಷದ ಲೆಕ್ಕ.

ನೋಡಲು ಬರುವ ನೆಂಟರನ್ನು ಒಬ್ಬರು ಬಾಗಿಲಲ್ಲೇ ಮಾತಾಡಿಸಿ ಒಳಬಿಡಿ. ‘ನಮ್ ಭಾವಂಗೂ ಹಿಂಗೇ ಆಗಿತ್ತು, ಮೂರೇ ತಿಂಗಳಿಗೆ ಪೂರ್ತಿ ಮಲಗಿಬಿಟ್ರು’ ಎಂಬ ಒಂದು ಮಾತು ವಾರದ ನಿದ್ದೆ ಕೆಡಿಸುತ್ತದೆ. ಹದಿನೈದು ನಿಮಿಷ ಸಾಕು, ಕಾಯಿಲೆಯ ಕತೆ ಬೇಡ ಎಂದು ಮೊದಲೇ ಹೇಳುವುದರಲ್ಲಿ ಅಗೌರವವಿಲ್ಲ.

ಗಂಡಹೆಂಡತಿಯ ನಡುವೆ ಯಾರೂ ಬಾಯಿಬಿಟ್ಟು ಹೇಳದ ಭಯವೂ ಒಂದಿದೆ: ಕೂಡಿದರೆ ಮತ್ತೆ ಅಟ್ಯಾಕ್ ಆದೀತೇ? ಬಿಪಿ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ. ಡಾಕ್ಟರನ್ನು ನೇರವಾಗಿ ಕೇಳಿ, ಅವರಿಗೆ ಇದು ಹೊಸ ಪ್ರಶ್ನೆಯಲ್ಲ.

ಡಾಕ್ಟರ ಸಹಾಯ ಯಾವಾಗ ಬೇಕು

ಮೊದಲ ಎರಡು ವಾರದ ಭಯ, ನಿದ್ದೆಗೇಡು ಬಹುತೇಕ ಎಲ್ಲರಿಗೂ. ಆಮೇಲೂ ಮುಂದುವರಿದರೆ ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಎರಡು ವಾರದಲ್ಲಿ, ಇಷ್ಟವಾಗುತ್ತಿದ್ದ ಕೆಲಸದಲ್ಲಿ ಆಸಕ್ತಿ ಇಲ್ಲದ ದಿನಗಳೆಷ್ಟು? ಮನಸ್ಸು ಕುಗ್ಗಿ, ಇನ್ನೇನೂ ಉಳಿದಿಲ್ಲ ಎನಿಸಿದ ದಿನಗಳೆಷ್ಟು? ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನಾ ಎಂದರೆ 3. ಎರಡೂ ಸೇರಿ 3 ಅಥವಾ ಹೆಚ್ಚಾದರೆ ಡಾಕ್ಟರನ್ನು ಕಾಣಬೇಕು. ಮಲೆನಾಡಿನ ಜುಲೈ, ಆಗಸ್ಟ್ ತಿಂಗಳಲ್ಲಿ ಬಿಡದ ಮಳೆ, ಕರೆಂಟಿಲ್ಲ, ಯಾರ ಮುಖವೂ ಕಾಣುವುದಿಲ್ಲ. ಆ ದಿನಗಳಲ್ಲಿ ವಾರಕ್ಕೊಮ್ಮೆ ಈ ಎರಡು ಪ್ರಶ್ನೆ ಕೇಳುವ ಹೊಣೆ ಮನೆಯ ಒಬ್ಬರ ಮೇಲಿರಲಿ.

ಹಾಸನದಲ್ಲಿ ಹಿಮ್ಸ್ ಬೋಧಕ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವನ್ನು ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ‘ಇದ್ದೇನು ಪ್ರಯೋಜನ, ಮನೆಯವರಿಗೆ ಹೊರೆ’ ಎಂಬ ಮಾತು ಬಂದರೆ ಅಂದೇ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ವಿಷದ ಔಷಧಿ, ಕೋವಿಯನ್ನು ಬೀಗ ಹಾಕಿ ಬೇರೆಯವರ ಕೈಗೆ ಕೊಡಿ. ಸಾಯುವ ಬಗ್ಗೆ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದರೆ ಅವರಿಗೆ ಹಗುರವಾಗುತ್ತದೆ.

ಖಿನ್ನತೆಗೆ, ಭಯಕ್ಕೆ ಮಾತ್ರೆ ಬರೆದರೆ ಕೆಲವು ವಿಷಯ ತಿಳಿದಿರಲಿ. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಓಕರಿಕೆ, ಚಡಪಡಿಕೆ ಬರಬಹುದು, ಬಹಳಷ್ಟು ಜನ ಬಿಡುವುದು ಆಗಲೇ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಮನೋವೈದ್ಯರಿಗೆ ತಪ್ಪದೆ ಹೇಳಿ, ಏಕೆಂದರೆ ಕೆಲವು ಖಿನ್ನತೆ ಮಾತ್ರೆಗಳು ಅವುಗಳ ಜೊತೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಫ್ಲೂಆಕ್ಸೆಟಿನ್‌ನಂಥವು ಕ್ಲೊಪಿಡೋಗ್ರೆಲ್‌ನ ಬಲವನ್ನೇ ಕುಗ್ಗಿಸಬಹುದು. ಮಲ ಕಪ್ಪಾದರೆ ಕೂಡಲೇ ತೋರಿಸಿ. ನಿದ್ದೆಗೆಂದು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಆಲ್ಪ್ರಜೋಲಮ್‌ಗೆ ಕೈ ಹಾಕಬೇಡಿ. ಚಟವಾಗುತ್ತದೆ, ಮರೆವು ಹೆಚ್ಚುತ್ತದೆ, ರಾತ್ರಿ ಎದ್ದಾಗ ಬೀಳಿಸುತ್ತದೆ. ಒಂದು ಪೆಗ್ ಹಾಕಿ ಮಲಗುವುದೂ ಹಾಗೇ: ನಿದ್ದೆ ಬೇಗ ಹತ್ತಿ, ನಡುರಾತ್ರಿ ಭಯದ ಜೊತೆ ಎಚ್ಚರ.

ಮೂರನೇ ತಿಂಗಳ ಭೇಟಿಗೆ ಹೋಗುವಾಗ ಬಿಪಿ ಬರೆದ ನೋಟ್‌ಬುಕ್, ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಭಯದ ಅಂಕ ಬರೆದ ಹಾಳೆ ಒಯ್ಯಿರಿ. ಮನೆಯವರೊಬ್ಬರು ಜೊತೆಗಿರಲಿ, ಸಿಡುಕು ಮತ್ತು ಮರೆವನ್ನು ರೋಗಿಗಿಂತ ಅವರೇ ಚೆನ್ನಾಗಿ ಹೇಳುತ್ತಾರೆ. ಕೇಳಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಳ್ಳಿ: ಯಾವ ಮಾತ್ರೆ ನಿಲ್ಲುತ್ತದೆ, ನನ್ನ ಬಿಪಿ ಎಷ್ಟಿರಬೇಕು, ಗಾಡಿ ಓಡಿಸಬಹುದೇ, ಏಣಿ ಹತ್ತಬಹುದೇ. ಡಾಕ್ಟರು ‘ಹೇಗಿದ್ದೀರಿ’ ಎಂದಾಗ ‘ಪರವಾಗಿಲ್ಲ ಸಾರ್’ ಎಂದು ಏಳುವ ಮುನ್ನ, ಕೈಕಾಲಿನ ಮಾತಿಗಿಂತ ಮೊದಲು ನಿದ್ದೆ, ಭಯ, ಅಳುವಿನ ವಿಷಯ ಹೇಳಿ.